ಮಳೆಗೆ ಮುಂಚೆ ಹಾಕಬೇಕಿದ್ದ ಸಂಕ

ಹಾನುಬಾಳಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಕೆಳಕ್ಕೆ, ಪಂಕ್ಚರ್ ಅಂಗಡಿಯ ಗೋಡೆಗೆ ಅಂಟಿಕೊಂಡಂತೆ ಯೋಗಾನಂದನ ವೆಲ್ಡಿಂಗ್ ಶಾಪ್ ಇದೆ. ಗೇಟು, ಗ್ರಿಲ್ಲು, ಕಾಫಿ ಪಲ್ಪರಿನ ಮುರಿದ ಕಾಲು, ಬಿರುಕು ಬಿಟ್ಟ ಜೀಪಿನ ಚಾಸಿ, ಯಾವುದು ಬಂದರೂ ಅವನು ಬೇಡ ಎನ್ನುತ್ತಿರಲಿಲ್ಲ. ಆದರೂ ಹೇಳಿದ ದಿನಕ್ಕೆ ಮುಗಿಸಿ ಕೊಡುತ್ತಿದ್ದ. ಸುತ್ತಿನ ಎಸ್ಟೇಟುಗಳಲ್ಲಿ ಅವನ ಬಗ್ಗೆ ಇದ್ದ ಮಾತು ಇದೊಂದೇ: "ಯೋಗ ಹ್ಞೂಂ ಅಂದ್ನಾ? ಹಂಗಾದ್ರೆ ಆ ಚಿಂತೆ ಬಿಡು." ಈ ಮಾತು ಅವನ ಕಿವಿಗೂ ಬಿದ್ದಿತ್ತು. ಮೇಲೆ ತೋರಿಸಿಕೊಳ್ಳದಿದ್ದರೂ ಒಳಗೊಳಗೇ ಅದನ್ನು ಅವನು ಜತನವಾಗಿ ಕಾಪಾಡಿಕೊಂಡಿದ್ದ.

ಅವನು ಹುಟ್ಟಿ ಬೆಳೆದದ್ದು ಹತ್ತಿರದ ಒಂದು ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ. ಅಪ್ಪ ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಆಳು. ಅಪ್ಪ ಸತ್ತಾಗ ಯೋಗಾನಂದ ಇನ್ನೂ ಹೈಸ್ಕೂಲಿನಲ್ಲಿದ್ದ. ಆಗ ಎಸ್ಟೇಟಿನ ದೊಡ್ಡ ಸಾಹುಕಾರರು ಅವನನ್ನು ಹಾಸನಕ್ಕೆ ಕಳಿಸಿ ಐಟಿಐ ಓದಿಸಿದರು. ಮೊದಲ ವೆಲ್ಡಿಂಗ್ ಮೆಷಿನ್ನನ್ನೂ ಅವರೇ ಕೊಡಿಸಿದರು. ಅದನ್ನು ಅವರು ಎಂದೂ ಬಾಯಿ ಬಿಟ್ಟು ಎತ್ತಿ ಆಡಲಿಲ್ಲ. ಅವರು ತೀರಿಕೊಂಡ ಮೇಲೆ ಎಸ್ಟೇಟು ಮಗ ಜಯಕುಮಾರನ ಕೈಗೆ ಬಂತು. ಅವನೂ ಎತ್ತಿ ಆಡಲಿಲ್ಲ. ಆದರೂ ಎಸ್ಟೇಟಿನಿಂದ ಫೋನ್ ಬಂದರೆ ಯೋಗಾನಂದ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಂತು ಮಾತಾಡುತ್ತಿದ್ದ.

ಕೊರೋನಾ ಬರುವುದಕ್ಕೆ ಸ್ವಲ್ಪ ಮುಂಚೆ, ಕಾಫಿ ಕೊಯ್ಲು ಮುಗಿದು ಕಾಳುಮೆಣಸು ಬಿಡಿಸಲು ಏಣಿ ಇಡುತ್ತಿದ್ದ ಕಾಲದಲ್ಲಿ, ವೀರಯ್ಯ ಎಂಬ ಹಿರಿಯರು ಅವನ ಶಾಪಿಗೆ ಬಂದರು. ಹೆಗ್ಗದ್ದೆಯಿಂದ ಇನ್ನೂ ಒಳಗೆ, ಹಳ್ಳದ ಆಚೆ ದಡದಲ್ಲಿ ನಾಲ್ಕು ಮನೆಗಳಿವೆ. ಎಲ್ಲರದೂ ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆಯ ಸಣ್ಣ ಹಿಡುವಳಿ. ಆ ನಾಲ್ಕು ಮನೆಗೂ ವೀರಯ್ಯನೇ ಹಿರಿಯ. ಹಳ್ಳ ದಾಟಲು ಅಲ್ಲಿದ್ದದ್ದು ಎರಡು ಮರದ ದಿಮ್ಮಿ, ಹಿಡಿದುಕೊಳ್ಳಲು ಒಂದು ಬಿದಿರು. ಮಳೆಗಾಲದಲ್ಲಿ ದಿಮ್ಮಿ ಪಾಚಿ ಹಿಡಿದು ಸೋಪಿನಂತಾಗುತ್ತಿತ್ತು. ಪಂಚಾಯಿತಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ನಾಲ್ಕು ಮನೆಯವರೂ ಸೇರಿ ತಾವೇ ಕಬ್ಬಿಣದ ಸಂಕ, ನಡೆದು ದಾಟುವಷ್ಟು ಕಿರುಸೇತುವೆ, ಹಾಕಿಸುವುದೆಂದು ತೀರ್ಮಾನಿಸಿದ್ದರು.

"ಉಳಿದ ಮೂರು ಮನೆಯೋರು ಸಕಲೇಶಪುರದ ದೊಡ್ಡ ಕಂಟ್ರಾಕ್ಟರ್ ಒಬ್ರಿಗೆ ಕೊಡೋಣ ಅಂತಿದ್ರು" ಎಂದರು ವೀರಯ್ಯ. "ನಾನೇ ಬ್ಯಾಡ ಅಂದೆ. ನಮ್ ಯೋಗ ಅವ್ನೆ, ಅವ್ನು ಮಳೆ ಹಿಡಿಯೋದ್ರೊಳಗೆ ಹಾಕ್ಕೊಡ್ತಾನೆ, ಅದ್ಕೆ ನಾನು ಜವಾಬ್ದಾರಿ ಅಂದಿದೀನಿ. ನನ್ ಮರ್ಯಾದೆ ಉಳಿಸ್ಬೇಕು ಕಣಪ್ಪ."

"ಮೇ ತಿಂಗಳು ಕಳೆಯೋದ್ರೊಳಗೆ ನೀವು ಅದರ ಮೇಲೆ ನಡೀತೀರಿ ಯಜಮಾನ್ರೆ" ಎಂದ ಯೋಗಾನಂದ.

ನಾಲ್ಕು ಮನೆಯ ದುಡ್ಡು ಸೇರಿದ್ದರಿಂದ ಬಾಯಿಮಾತು ಸಾಲದೆಂದು ಇಬ್ಬರೂ ಸಕಲೇಶಪುರಕ್ಕೆ ಹೋಗಿ, ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಂಡರು. ಮಳೆಗಾಲಕ್ಕೆ ಮುಂಚೆ ಸಂಕ ಹಾಕಿ ಕೊಡತಕ್ಕದ್ದು. ಮುಂಗಡದ ಹಣದಲ್ಲಿ ಕಬ್ಬಿಣ ತರಿಸತಕ್ಕದ್ದು. ಕೊನೆಗೆ, ಎಲ್ಲ ಕರಾರಿಗೂ ಹಾಕುವಂತೆ, ದೈವಾಧೀನ ಸಂಭವಗಳಿಂದ ಕೆಲಸ ನಿಂತರೆ ಗುತ್ತಿಗೆದಾರ ಹೊಣೆಯಲ್ಲ ಎಂದು ಟೈಪಿಸ್ಟು ತಾನಾಗಿಯೇ ಒಂದು ಸಾಲು ಹಾಕಿದ. ಇಬ್ಬರೂ ಅದನ್ನು ಓದಿದರು. ಭೂಕಂಪವೋ ಗುಡ್ಡ ಕುಸಿತವೋ ಇರಬೇಕೆಂದುಕೊಂಡು ಸಹಿ ಹಾಕಿದರು.

ಮಾರ್ಚ್ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಮೊದಲ ತಿಂಗಳು ಯೋಗಾನಂದನ ಕೈಯಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಹಾಸನದಿಂದ ಬರಬೇಕಿದ್ದ ಕಬ್ಬಿಣ ಅಲ್ಲೇ ಉಳಿಯಿತು. ಜೊತೆಗೆ ದುಡಿಯುತ್ತಿದ್ದ ಬಾಲು ಅರಸೀಕೆರೆ ಕಡೆಯ ತನ್ನೂರಿನಲ್ಲಿ ಸಿಕ್ಕಿಕೊಂಡ. ಶಾಪಿನ ಶಟರ್ ಎತ್ತಿದರೆ ಪೊಲೀಸರ ಲಾಠಿ. ಹೆಂಡತಿ ಹೇಮಶ್ರೀ ಮನೆಯಲ್ಲಿ ಕೂತು ಬಟ್ಟೆಯ ಮಾಸ್ಕ್ ಹೊಲಿಯುತ್ತಿದ್ದಳು. ಅವನು ಕತ್ತರಿಸಿ ಕೊಡುತ್ತಿದ್ದ. ಟಿವಿಯಲ್ಲಿ ಸಾವಿನ ಸುದ್ದಿ ನೋಡಿ ನೋಡಿ ಅವನು ಸಣ್ಣ ಕೆಮ್ಮಿಗೂ ಮಗಳ ಹಣೆ ಮುಟ್ಟಿ ನೋಡುತ್ತಿದ್ದ. ವೀರಯ್ಯ ಫೋನ್ ಮಾಡಿದಾಗ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ಅವರೂ ಒಪ್ಪಿದರು. ಅಲ್ಲಿಯವರೆಗೆ ಅವನದು ತಪ್ಪಿರಲಿಲ್ಲ. ಇದನ್ನು ಆಮೇಲೆ ಅವನು ತನಗೆ ತಾನೇ ಬಹಳ ಸಲ ಹೇಳಿಕೊಂಡಿದ್ದಾನೆ.

ಮೇ ತಿಂಗಳು ಹುಟ್ಟುತ್ತಿದ್ದಂತೆ ಬಿಗಿ ಸಡಿಲವಾಯಿತು. ಅಂಗಡಿಗಳು ತೆರೆದವು, ಲಾರಿಗಳು ಓಡಾಡಿದವು. ಬಾಲು ಯಾರದೋ ಬೈಕ್ ಹತ್ತಿ ವಾಪಸ್ ಬಂದ. ಒಂದು ಬೆಳಿಗ್ಗೆ ಹಾಸನದ ಗಾಡಿ ಬಂದು ಸಂಕದ ಕಬ್ಬಿಣವನ್ನೆಲ್ಲ ಶಾಪಿನ ಮುಂದೆ ಇಳಿಸಿ ಹೋಯಿತು. ಉದ್ದುದ್ದ ಚಾನಲ್, ಆಂಗಲ್, ಹಿಡಿಗಂಬಿಯ ಪೈಪು, ಕಾಲಿಡಲು ಗೀರು ಗೀರಿನ ದಪ್ಪ ತಗಡು. ಯೋಗಾನಂದ ಅದನ್ನೆಲ್ಲ ಒರೆಸಿ ಟಾರ್ಪಾಲು ಹೊದಿಸಿದ. ಮರುದಿನವೇ ಹೆಗ್ಗದ್ದೆಗೆ ಹೋಗಿ ಅಳತೆ ಗುರುತು ಹಾಕಿ ಬರುವುದೆಂದು ಬಾಲುವಿಗೂ ಹೇಳಿದ.

ಅಂದು ಸಂಜೆ ಜಯಕುಮಾರನ ಫೋನ್ ಬಂತು.

ಲಾಕ್‌ಡೌನಿನಿಂದ ಅವನ ಕಾಫಿಯೂ ಮಾರಾಟವಾಗಿರಲಿಲ್ಲ. ಸ್ಟೋರ್ ತುಂಬಿ, ಚೀಲಗಳನ್ನು ವೆರಾಂಡದಲ್ಲಿ ಅಟ್ಟಿ ಹಾಕಿದ್ದರು. ಮಳೆ ಬಿದ್ದರೆ ಎಲ್ಲಕ್ಕೂ ಬೂಷ್ಟು. "ಒಂದು ಶೆಡ್ ಎಬ್ಬಿಸಿ ಕೊಡೋ ಯೋಗ, ಅರ್ಜೆಂಟು" ಎಂದ ಜಯಕುಮಾರ. "ನೀನು, ಬಾಲು ಇಲ್ಲೇ ಬಂದು ಉಳ್ಕೊಂಡ್ಬಿಡಿ. ಹೇಮಶ್ರೀನೂ ಮಗೂನೂ ಕರ್ಕೊಂಡು ಬಾ, ಲೆಕ್ಕ ಬರೆಯೋ ರೈಟರ್ ಮನೆ ಖಾಲಿ ಇದೆ. ಗೇಟ್ ಹಾಕಿದ್ದೀನಿ, ಹೊರಗಿನೋರು ಯಾರೂ ಒಳಗೆ ಬರಲ್ಲ. ನಿಂಗೂ ಭಯ ಇರಲ್ಲ."

"ಜಯಣ್ಣ, ಹೆಗ್ಗದ್ದೆದು ಒಂದು ಸಂಕದ ಕೆಲ್ಸ ಒಪ್ಕೊಂಡಿದೀನಿ. ಕಬ್ಬಿಣಾನೂ ಬಂದೈತೆ."

"ಬಂದಿದೆಯಾ? ಹಾಗಾದ್ರೆ ಒಳ್ಳೇದೇ ಆಯ್ತಲ್ಲ! ನಂಗೆ ಎಲ್ಲೂ ಚಾನಲ್ ಸಿಗ್ತಿಲ್ಲ. ಅದನ್ನೇ ತಗೊಂಡು ಬಾ. ಅವರಿಗೆ ಆಮೇಲೆ ತರಿಸಿದ್ರಾಯ್ತು. ಈಗ ಯಾರು ಕೇಳ್ತಾರೆ ಮಾರಾಯ, ಲೋಕವೇ ನಿಂತು ಹೋಗಿದೆ."

ಯೋಗಾನಂದನಿಗೆ ಆ ಕ್ಷಣ ಹೊಳೆದದ್ದು ಜಯಕುಮಾರನ ಅಪ್ಪನ ಮುಖ. ಅದರ ಜೊತೆಗೇ ಬೀಗ ಹಾಕಿದ ದೊಡ್ಡ ಗೇಟು, ಅದರ ಒಳಗೆ ಆರಾಮವಾಗಿ ಆಡುವ ತನ್ನ ಮಗಳು. ಹಳ್ಳದ ಆಚೆ ಕೆಲಸ ಮಾಡಬೇಕೆಂದರೆ ದಿನಾ ಓಡಾಡಬೇಕು, ನಾಲ್ಕು ಮನೆಯವರ ನಡುವೆ ನಿಲ್ಲಬೇಕು, ಅವರ ಕೈಯ ನೀರು ಕುಡಿಯಬೇಕು. ಯಾರಿಗೆ ಏನು ತಗುಲಿದೆಯೋ. ಬೇಡ ಎನ್ನಲು ಕಾರಣ ಹುಡುಕಬೇಕಾಗಿತ್ತು; ಹೂಂ ಎನ್ನಲು ಅವನ ಬಳಿ ಬೇಕಾದಷ್ಟಿದ್ದವು. ಹೂಂ ಎಂದ.

ಶೆಡ್ಡಿನ ಕೆಲಸ ಮೇ ತಿಂಗಳನ್ನೆಲ್ಲ ನುಂಗಿತು. ಸಂಕದ ಚಾನಲ್ಲುಗಳು ಕಾಫಿ ಚೀಲಗಳ ಮೇಲೆ ತೊಲೆಗಳಾದವು, ಹಿಡಿಗಂಬಿಯ ಪೈಪುಗಳು ಶೀಟ್ ಹೊರುವ ಕಂಬಗಳಾದವು. ಬಾಲು ಒಂದು ಸಲ, "ಅಣ್ಣಾ, ಹೆಗ್ಗದ್ದೆಯೋರು?" ಎಂದು ಕೇಳಿದ. "ಸಮಯ ಐತೆ ಬಿಡೋ" ಎಂದು ಯೋಗಾನಂದ ಮುಖಕ್ಕೆ ಶೀಲ್ಡ್ ಹಿಡಿದುಕೊಂಡ. ಅದೇ ಹೊತ್ತಿಗೆ ಜಿಲ್ಲೆಯಲ್ಲಿ ಸೋಂಕಿನ ಸುದ್ದಿ ಶುರುವಾಗಿ, ತಾನು ಮಾಡಿದ್ದೇ ಸರಿ ಎಂಬ ಧೈರ್ಯವೂ ಬಂತು.

ಮೇ ಕೊನೆಯಲ್ಲಿ ವೀರಯ್ಯನ ಫೋನ್ ಬಂದಾಗ ಅವನು ಶೆಡ್ಡಿನ ಮೇಲೆ ಕೂತಿದ್ದ. ಕೂತಿದ್ದದ್ದು ಅವರದೇ ಕಬ್ಬಿಣದ ಮೇಲೆ.

"ಏನಪ್ಪಾ, ಮೋಡ ಕಟ್ತಾ ಐತಲ್ಲ. ಕಬ್ಬಿಣದ ಸುದ್ದಿ ಏನಾದ್ರೂ ಬಂತಾ?"

"ಎಲ್ಲಿ ಯಜಮಾನ್ರೆ, ಲಾಕ್‌ಡೌನ್ ಅಲ್ವಾ. ಬಂದೇ ಇಲ್ಲ."

ಸುಳ್ಳು ಹೇಳಬೇಕೆಂದು ಅವನು ಮೊದಲೇ ಯೋಚಿಸಿರಲಿಲ್ಲ. ಹಿಂದಿನ ತಿಂಗಳು ನಿಜವಾಗಿದ್ದ ಮಾತೇ ಅಭ್ಯಾಸದಿಂದ ಬಾಯಿಗೆ ಬಂದಿತ್ತು. ಆ ಕಡೆಯಿಂದ ವೀರಯ್ಯ ಹೇಳಿದರು: "ಹೂಂ ಕಣಪ್ಪ. ನೀನಾದ್ರೂ ಏನ್ ಮಾಡ್ತೀಯ. ನಿನ್ ಮನೆ ಕಡೆ ಹುಷಾರು. ಮಗೀನ ಹೊರಗೆ ಬಿಡ್ಬ್ಯಾಡ." ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗೆ ಆಗಲೇ ಅನ್ನಿಸಿತು. ಫೋನ್ ಜೇಬಿಗಿಟ್ಟು ಮುಂದಿನ ಬೋಲ್ಟು ಬಿಗಿದ.

ಜೂನಿನಲ್ಲಿ ಮಳೆ ಹಿಡಿಯಿತು. ಹೆಗ್ಗದ್ದೆಯ ಹಳ್ಳ ತುಂಬಿ, ಕಬ್ಬಿಣವಿದ್ದರೂ ಕಂಬ ನಿಲ್ಲಿಸುವ ಮಾತಿರಲಿಲ್ಲ. ಆ ನಾಲ್ಕು ಮನೆಯವರು ಆ ವರ್ಷವೂ ಹಳೆಯ ದಿಮ್ಮಿಗಳ ಮೇಲೆಯೇ ಓಡಾಡಿದರು.

ವೀರಯ್ಯನ ಹೆಂಡತಿ ರಾಮಮ್ಮ ಸುಮ್ಮನೆ ಕೂರುವ ಹೆಂಗಸಲ್ಲ. ಸೊಪ್ಪು, ನಾಟಿ ಕೋಳಿ ಮೊಟ್ಟೆ, ಕಾಲಕ್ಕೆ ತಕ್ಕಂತೆ ಎಳೆಬಿದಿರಿನ ಕಳಲೆ, ಅಣಬೆ ಕಟ್ಟಿಕೊಂಡು ಹಾನುಬಾಳಿಗೆ ಬಂದು ಮಾರುವುದೆಂದರೆ ಅವರಿಗೆ ಪ್ರಾಣ. ವ್ಯಾಪಾರಕ್ಕಿಂತ ನಾಲ್ಕು ಜನರ ಜೊತೆ ಮಾತಾಡುವುದು ಮುಖ್ಯ. ಆಗಸ್ಟಿನ ಒಂದು ಮಧ್ಯಾಹ್ನ, ಮಳೆ ಸ್ವಲ್ಪ ಬಿಟ್ಟಿದೆಯೆಂದು ಕಳಲೆಯ ಚೀಲ ಹೊತ್ತು ಹೊರಟವರು ದಿಮ್ಮಿಯ ನಡುವೆ ಜಾರಿದರು. ನೀರು ಒಯ್ಯಲಿಲ್ಲ, ಕೆಳಗಿದ್ದ ಬಂಡೆ ತಡೆಯಿತು. ಆದರೆ ಸೊಂಟದ ಮೂಳೆ ಮುರಿಯಿತು. ಸೊಸೆ ಚಂದ್ರಿಕಾ ಕೂಗಿಕೊಂಡಾಗ ಅಕ್ಕಪಕ್ಕದವರು ಓಡಿ ಬಂದು ಮೇಲೆತ್ತಿದರೇನೋ ಸರಿ, ಎತ್ತಿದ್ದು ಮನೆಯ ಕಡೆಯ ದಡಕ್ಕೆ. ಅಷ್ಟರಲ್ಲಿ ಮತ್ತೆ ಮಳೆ ಸುರಿಯಿತು. ಮಲಗಿದ ಮನುಷ್ಯರನ್ನು ಆ ದಿಮ್ಮಿಗಳ ಮೇಲೆ ಹೊತ್ತು ದಾಟಿಸುವ ಹಾಗಿರಲಿಲ್ಲ. ನೀರು ಇಳಿಯುವುದನ್ನೇ ಕಾದು, ಮಾರನೆಯ ದಿನ ಬಾಗಿಲ ಹಲಗೆಗೆ ಕಟ್ಟಿ ಸಾಗಿಸಿ ಹಾಸನದ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಯವರೆಗೆ ರಾಮಮ್ಮ ಕಂಬಳಿಯ ಅಂಚು ಕಚ್ಚಿಕೊಂಡೇ ಮಲಗಿದ್ದರಂತೆ.

ಇದೆಲ್ಲ ಯೋಗಾನಂದನಿಗೆ ಗೊತ್ತಾದದ್ದು ಹೋಟೆಲಿನಲ್ಲಿ, ಕೈಯಲ್ಲಿ ಕಾಫಿ ಲೋಟ ಹಿಡಿದಿದ್ದಾಗ. ಸುದ್ದಿ ಹೇಳಿದವನೇ ಸಮಾಧಾನವನ್ನೂ ಹೇಳಿದ: "ನೀನು ಬೇಜಾರು ಮಾಡ್ಕಬ್ಯಾಡ ಯೋಗ. ಕೊರೋನಾ ಬರದೇ ಇದ್ದಿದ್ರೆ ನೀನು ಹಾಕ್ತಿದ್ದೆ ತಾನೇ?" ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಅವನು ಕಾಫಿ ಕುಡಿಯಲಾಗದೆ ಎದ್ದು ಬಂದ. ಶಾಪಿನಲ್ಲಿ ಬಾಲು ಅವನ ಮುಖ ನೋಡಿ, ಗ್ರೈಂಡರ್ ಎತ್ತಿಕೊಂಡು ಆ ಕಡೆ ತಿರುಗಿದ.

ಆಸ್ಪತ್ರೆಗೆ ಹೋಗಿ ನೋಡಬೇಕು ಎಂದುಕೊಂಡ. ಕೋವಿಡ್ ಸಮಯ, ಹೊರಗಿನವರನ್ನು ಬಿಡುವುದಿಲ್ಲ ಎಂದು ಹೇಮಶ್ರೀಗೆ ಹೇಳಿದ. ಅವಳು ಹೊಲಿಗೆ ನಿಲ್ಲಿಸಿ, "ಎಲ್ಲದಕ್ಕೂ ಅದೊಂದು ಆಯ್ತು ನಿಮ್ಗೆ" ಎಂದಳು.

ರಾಮಮ್ಮ ಮನೆಗೆ ಬಂದರು, ಆದರೆ ಮೊದಲಿನಂತೆ ನೆಟ್ಟಗೆ ನಿಲ್ಲುವ ಹಾಗಿರಲಿಲ್ಲ. ವೀರಯ್ಯನ ಮಗ ಅರುಣ್, ಆಲೂರಿನಲ್ಲಿ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ತಾಯಿಯ ಸ್ಥಿತಿ ನೋಡಿ ಕೆರಳಿದ. ಕರಾರು ಮುರಿದದ್ದಕ್ಕೆ, ಆಸ್ಪತ್ರೆಯ ಖರ್ಚಿಗೆ ಉತ್ತರ ಕೊಡಬೇಕೆಂದು ವಕೀಲರ ನೋಟಿಸ್ ಕಳಿಸಿದ. ಯೋಗಾನಂದ ನೋಟಿಸ್ ಹಿಡಿದು ಸಕಲೇಶಪುರದಲ್ಲಿ ಶಾಲಿನಿ ಎಂಬ ವಕೀಲೆಯನ್ನು ಕಂಡ.

ಆಕೆ ಕರಾರನ್ನು ಎರಡು ಸಲ ಓದಿದರು. "ಎಲ್ಲರೂ ತಿಳ್ಕೊಂಡಿರೋದು ಕೊರೋನಾ ಅಂದ್ರೆ ಕರಾರು ಮುಗೀತು ಅಂತ" ಎಂದರು. "ಹಾಗಿಲ್ಲ. ರೋಗ ಬಂದಿದ್ದು ಕಾರಣ ಆಗಲ್ಲ. ರೋಗದಿಂದ ನಿಮ್ಮ ಕೆಲಸ ಮಾಡೋಕೆ ಆಗದೇ ಹೋಯ್ತಾ ಅನ್ನೋದು ಪ್ರಶ್ನೆ. ಕಷ್ಟ ಆಯ್ತು, ನಷ್ಟ ಆಯ್ತು, ಭಯ ಆಯ್ತು ಅಂದ್ರೆ ಸಾಲದು. ಎಷ್ಟು ದಿನ ನಿಜವಾಗ್ಲೂ ಆಗ್ತಿರಲಿಲ್ವೋ ಅಷ್ಟು ದಿನಕ್ಕೆ ಮಾತ್ರ ಆ ಸಾಲು ನಿಮ್ಮ ರಕ್ಷಣೆಗೆ ಬರುತ್ತೆ. ಏಪ್ರಿಲ್ ಬಗ್ಗೆ ನಾನು ಕೇಳಲ್ಲ. ಮೇ ತಿಂಗಳಲ್ಲಿ ಏನಾಯ್ತು ಹೇಳಿ."

ಇಷ್ಟು ಸರಿಯಾಗಿ ಆ ಜಾಗಕ್ಕೇ ಬೆರಳಿಟ್ಟು ಯಾರೂ ಕೇಳಿರಲಿಲ್ಲ.

"ಮೇ ತಿಂಗಳೂ... ಹಂಗೇ ಮೇಡಂ. ಕಬ್ಬಿಣ ಬರಲಿಲ್ಲ."

"ಬರಲೇ ಇಲ್ವಾ?"

"ಇಲ್ಲ."

"ಸರಿ. ಹಾಗಿದ್ರೆ ಅವರ ಕೇಸು ನಿಲ್ಲೋದು ಕಷ್ಟ." ಆಕೆ ಪೆನ್ನಿನ ಕ್ಯಾಪ್ ಹಾಕಿ ಅವನನ್ನೇ ನೋಡಿದರು. "ವಕೀಲರಿಗೆ ಹೇಳೋ ಮಾತು ಹೊರಗೆ ಹೋಗಲ್ಲ. ಇನ್ನೇನಾದ್ರೂ ಇದ್ಯಾ?"

"ಇಲ್ಲ ಮೇಡಂ" ಎಂದ.

ಕೋರ್ಟಿಗೆ ಹೋಗುವ ಮುಂಚೆ ಒಮ್ಮೆ ಕೂತು ಮಾತಾಡಿ ನೋಡೋಣ ಎಂದು ಎರಡೂ ಕಡೆಯ ವಕೀಲರು ಶಾಲಿನಿಯವರ ಆಫೀಸಿನಲ್ಲಿ ಎಲ್ಲರನ್ನೂ ಸೇರಿಸಿದರು. ಮಗನ ಜೊತೆ ಬಸ್ಸಿನಲ್ಲಿ ಬಂದ ವೀರಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಯೋಗಾನಂದ ತಲೆ ಎತ್ತದೆ ಕೂತಿದ್ದ. ಅರುಣ್ ಮೊದಲು ಮಾತೆತ್ತಿದ: "ಮೇ ತಿಂಗಳಲ್ಲಿ ನಮ್ ಅಂಗಡಿಗೆ ಗೊಬ್ಬರದ ಲೋಡು ಬರ್ತಿತ್ತು. ಇವ್ರಿಗೆ ಮಾತ್ರ ಕಬ್ಬಿಣ ಬರಲಿಲ್ವಾ? ಹೆಂಗೆ ನಂಬೋದು?"

ಯೋಗಾನಂದ ಬಾಯಿ ತೆರೆದ. ಈಗ ಹೇಳಿಬಿಡುತ್ತೇನೆ ಎಂದು ಅವನಿಗೆ ಅನ್ನಿಸಿತ್ತು. ನಿಜಕ್ಕೂ ಹೇಳುತ್ತಿದ್ದನೋ ಇಲ್ಲವೋ ಇವತ್ತಿಗೂ ಅವನಿಗೆ ಗೊತ್ತಿಲ್ಲ. ಅಷ್ಟರಲ್ಲಿ ವೀರಯ್ಯ ಕೈ ಎತ್ತಿದರು.

"ಸಾಕು ಅರುಣ. ನಾನೇ ಫೋನ್ ಮಾಡಿ ಕೇಳಿದೀನಿ, ಅವ್ನೇ ಹೇಳವ್ನೆ ಬಂದಿಲ್ಲ ಅಂತ. ಯೋಗ ಸುಳ್ಳು ಹೇಳೋನಲ್ಲ. ಲೋಕಕ್ಕೇ ಬೀಗ ಬಿದ್ದಿತ್ತು, ಇವ್ನೊಬ್ಬ ಏನ್ ಮಾಡಾನು? ನಿಮ್ಮವ್ವ ಜಾರಿದ್ದು ಅವಳ ಗ್ರಾಚಾರ. ಮಾಡಿದ ಕರಾರಲ್ಲೇ ಬರೆದೈತೆ, ಅದ್ಕೆ ನಾನೂ ಸಹಿ ಹಾಕಿದೀನಿ. ಈಗ ಇಲ್ಲ ಅಂದ್ರೆ ಹೆಂಗೆ?" ಎಂದು ವಕೀಲರ ಕಡೆ ತಿರುಗಿ, "ನಮ್ದೇನೂ ತಕರಾರಿಲ್ಲಮ್ಮ. ಮಳೆ ಬಿಟ್ಮೇಲೆ ಅವ್ನು ಸಂಕ ಹಾಕ್ಕೊಡ್ಲಿ, ಸಾಕು" ಎಂದರು.

ಅರುಣ್ ಕುರ್ಚಿ ಸರಿಸಿ ಹೊರಗೆ ಹೋದ. ವೀರಯ್ಯ ಏಳುವಾಗ ಯೋಗಾನಂದನ ಭುಜದ ಮೇಲೆ ಕೈಯೂರಿ ಎದ್ದರು. ಎಲ್ಲರೂ ಹೋದ ಮೇಲೆ ಶಾಲಿನಿ ಫೈಲ್ ಕಟ್ಟುತ್ತಾ, "ನೀವು ಗೆದ್ರಿ" ಎಂದರು. ಅದರಲ್ಲಿ ಸಂತೋಷವಿರಲಿಲ್ಲ.

ಆ ಮೇಲಿನ ದಿನಗಳಲ್ಲಿ ಅವನಿಗೆ ಕೆಲಸ ಓಡಲಿಲ್ಲ. ವೆಲ್ಡಿಂಗಿನ ಸೀಮು, ಬೆಸುಗೆಯ ಗೆರೆ, ಸೊಟ್ಟಗಾಗುತ್ತಿತ್ತು, ಬಾಲು ಉಜ್ಜಿ ಸರಿ ಮಾಡುತ್ತಿದ್ದ. ಎಸ್ಟೇಟಿಗೆ ಯಾವುದೋ ಕೆಲಸಕ್ಕೆ ಹೋದಾಗ ಆ ಶೆಡ್ ಕಡೆ ನೋಡಲಾಗದೆ ಬೇರೆ ದಾರಿ ಹಿಡಿದು ಬಂದ. ಒಂದು ದಿನ ಹೇಮಶ್ರೀ ಊಟಕ್ಕೆ ಬಡಿಸಿ ಎದುರು ಕೂತಳು.

"ನಾನೂ ಎಸ್ಟೇಟಲ್ಲೇ ಇದ್ದೆ. ನನ್ ಮಗೂನೂ ಇತ್ತು. ಬ್ಯಾಡ ಅಂತ ನಾನೂ ಅನ್ನಲಿಲ್ಲ" ಎಂದಳು. "ಅದ್ಕೇ ನಿಮ್ಮನ್ನ ಬೈಯೋ ಬಾಯಿ ನಂಗಿಲ್ಲ. ಆದ್ರೆ ಆ ಅಜ್ಜನ ಹತ್ರ ಹೋಗಿ ಹೇಳ್ಬಿಡ್ರಿ. ಹಿಂಗೆ ಎಷ್ಟು ದಿನ ಇರ್ತೀರಾ?"

ದಸರಾ ಕಳೆದು ಹಳ್ಳ ಇಳಿದಿತ್ತು. ಯೋಗಾನಂದ ಒಬ್ಬನೇ ಹೆಗ್ಗದ್ದೆಗೆ ಹೋದ. ದಿಮ್ಮಿಯ ಮೇಲೆ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಹೆಜ್ಜೆಯಿಟ್ಟು ದಾಟಿದ. ವೀರಯ್ಯ ಗದ್ದೆಗೆ ಹೋಗಿದ್ದರು. ಜಗಲಿಯ ಮೇಲೆ ರಾಮಮ್ಮ ಗೋಡೆಗೆ ಒರಗಿ, ಒಂದು ಕಾಲು ನೀಡಿಕೊಂಡು ಹುರುಳಿ ಹಸನು ಮಾಡುತ್ತಿದ್ದರು.

"ಬಾಪ್ಪ, ಕುಂತ್ಕ" ಎಂದರು. ಅವನು ಕೂರಲಿಲ್ಲ.

"ಯಜಮಾನ್ರ ಹತ್ರ ಒಂದು ಮಾತು ಹೇಳ್ಬೇಕಿತ್ತು ಅವ್ವ."

"ಕಬ್ಬಿಣದ ವಿಚಾರವಾ?"

ರಾಮಮ್ಮ ಮೊರದಿಂದ ಕಣ್ಣೆತ್ತಲಿಲ್ಲ.

"ಎಸ್ಟೇಟ್ ಲೈನಿನ ನಾಗರತ್ನಮ್ಮ ನನ್ನ ನೋಡೋಕೆ ಬಂದಿದ್ಲು. ಸಂತೇಲಿ ನನ್ ಪಕ್ಕದಲ್ಲೇ ಕೂರೋಳು. ಪಾಪ, ಅವ್ಳಿಗೇನು ಗೊತ್ತು. ಮಾತಿಗೆ ಮಾತು ಬಂದು, ನಮ್ ಎಸ್ಟೇಟಲ್ಲಿ ಹೊಸ ಶೆಡ್ ಆಯ್ತು, ಯೋಗ ಮೇ ತಿಂಗ್ಳೆಲ್ಲ ಹೆಂಡ್ತಿ ಮಗು ಕರ್ಕೊಂಡು ಬಂದು ಅಲ್ಲೇ ಇದ್ದ, ಬರೋವಾಗ್ಲೇ ಒಂದು ಗಾಡಿ ಚಾನಲ್ ತಂದಿದ್ದ ಅಂದ್ಲು. ಆ ಚಾನಲ್ ಯಾರ್ದು ಅಂತ ನಾನು ಕೇಳಲಿಲ್ಲ."

"ಅವ್ವಾ, ನಾನು—"

"ನಂಗೇನೂ ಹೇಳ್ಬ್ಯಾಡ. ನಂಗೆ ಗೊತ್ತಾಗೈತೆ. ಆ ದಿನ ಇಲ್ಲೇ, ಈ ಜಗಲೀಲೇ ಮಲಗಿಸಿದ್ರು ನನ್ನ. ಆಚೆ ದಡದಲ್ಲಿ ಆಸ್ಪತ್ರೆಗೆ ಅಂತ ಕರೆಸಿದ್ದ ಜೀಪು ನಿಂತಿರೋದು ಕಾಣಿಸ್ತಿತ್ತು. ಕಾಣಿಸ್ತಾನೇ ಇತ್ತು." ಅವರು ಮೊರ ಕೆಳಗಿಟ್ಟರು. "ನಿನ್ ಮ್ಯಾಲೆ ನಂಗೆ ಸಿಟ್ಟಿಲ್ಲ ಅಂತ ತಿಳ್ಕಬ್ಯಾಡ. ಐತೆ. ಬೇಕಾದಷ್ಟು ಐತೆ."

ಅವನು ಜಗಲಿಯ ಅಂಚಿಗೆ ಕೂತ. "ಯಜಮಾನ್ರಿಗೆ ಗೊತ್ತಾ?" ಎಂದ.

"ಇಲ್ಲ. ನೀನೂ ಹೇಳ್ಕೂಡ್ದು."

"ಹೇಳೋಕೇ ಬಂದಿದೀನಿ ಅವ್ವ. ಹೇಳ್ದೆ ನಂಗೆ ಅನ್ನ ಇಳೀತಿಲ್ಲ."

"ನಿಂಗೆ ಅನ್ನ ಇಳೀಲಿ ಅಂತ ಅವ್ರ ಅನ್ನ ಕಿತ್ಕೋತೀಯಾ?" ರಾಮಮ್ಮನ ದನಿ ಏರಲಿಲ್ಲ. "ಮೂರು ಮನೆಯೋರೂ ಬ್ಯಾಡ ಅಂದಾಗ ನಿನ್ ಪರ ನಿಂತೋರು ಅವ್ರು. ನಾನು ಬಿದ್ಮೇಲೂ ಆ ಮೂರು ಮನೆಗೆ ಹೋಗಿ, ಹುಡುಗಂದು ತಪ್ಪಿಲ್ಲ, ಕಾಲ ಹಂಗಿತ್ತು ಅಂತ ಹೇಳ್ಕೊಂಡು ಬಂದವ್ರೆ. ಮಗನ ಜೊತೆ ಮಾತು ಬಿಟ್ಟವ್ರೆ. ಈಗ ನೀನು ಬಂದು ಇಲ್ಲ ಯಜಮಾನ್ರೆ, ಸುಳ್ಳು ಹೇಳಿದ್ದೆ ಅಂದ್ರೆ ಅವ್ರು ಯಾವ ಮುಖ ಇಟ್ಕೊಂಡು ಓಡಾಡ್ತಾರೆ? ನನ್ ಸೊಂಟ ಮುರಿಯೋಕೆ ತಾನೇ ಕಾರಣ ಅಂತ ಕೊರಗ್ತಾರೆ. ನಿಂಗೆ ಹೆಚ್ಚು ವಯಸ್ಸಾಗಿಲ್ಲ. ನೀನೇ ಹೊತ್ಕ. ಹೋಗು, ಸಂಕ ಹಾಕು."

ಚಂದ್ರಿಕಾ ಒಳಗಿಂದ ನೀರು ತಂದು ಕೊಟ್ಟಳು. ಕುಡಿದು ಎದ್ದು ಬಂದ. ಬರುವಾಗ ದಾರಿಯಲ್ಲಿ ವೀರಯ್ಯ ಎದುರಾಗಿ, "ಅಳತೆ ನೋಡ್ಕೊಂಡು ಹೋಗೋಕೆ ಬಂದಿದ್ಯಾ?" ಎಂದರು. ಅವನು ಹೂಂ ಎಂದ. ಅವರಿಗೆ ಹೇಳಿದ ಎರಡನೆಯ ಸುಳ್ಳು ಅದು. ಈ ಸಲದ್ದು ಇನ್ನೊಬ್ಬರು ಹೇಳಿಸಿದ್ದು ಎಂಬುದು ಅವನಿಗೆ ಸಮಾಧಾನ ತರಲಿಲ್ಲ.

ಮನೆಯ ಮುಂದಿನ ಬೈಕ್ ಮಾರಿ ಹೊಸದಾಗಿ ಕಬ್ಬಿಣ ತರಿಸಿದ. ಜಯಕುಮಾರ ತಾನು ಕೊಡಬೇಕಾದ್ದನ್ನು ಕೊಟ್ಟಿದ್ದರೂ ಆ ದುಡ್ಡಿನಲ್ಲಿ ಸಂಕ ಹಾಕಲು ಅವನಿಗೆ ಮನಸ್ಸಾಗಲಿಲ್ಲ. ಹಳ್ಳದಲ್ಲಿ ಮೊಣಕಾಲು ನೀರಿದ್ದಾಗಲೇ ಅವನೂ ಬಾಲುವೂ ಎರಡೂ ದಡದಲ್ಲಿ ಕಾಂಕ್ರೀಟ್ ಹಾಕಿದರು. ಕರಾರಿನಲ್ಲಿ ಇದ್ದದ್ದಕ್ಕಿಂತ ದಪ್ಪನೆಯ ಚಾನಲ್, ಹತ್ತಿರ ಹತ್ತಿರ ಅಡ್ಡಪಟ್ಟಿ. ಆ ಕಡೆಯವರು ಕೆಲಸ ನೋಡಲು ಬಂದು ಹೊಗಳಿದಷ್ಟೂ ಅವನು ಗ್ರೈಂಡರ್ ಹಚ್ಚಿ ಸದ್ದು ಮಾಡುತ್ತಿದ್ದ. ಕಾಫಿ ಕೊಯ್ಲಿನ ಹೊತ್ತಿಗೆ ಸಂಕ ನಿಂತಿತು.

ಬಾಕಿ ಹಣ ಕೊಡಲು ವೀರಯ್ಯ ಅವನನ್ನು ಮನೆಗೆ ಕರೆದರು. ಬೇಡ ಎಂದು ಅವನು ಕೈ ಹಿಂದೆ ಕಟ್ಟಿಕೊಂಡ.

"ಯಾಕಪ್ಪ ಬ್ಯಾಡ? ಕರಾರು ಅಂದ್ಮೇಲೆ ಕರಾರು. ನೀನು ಮೋಸ ಮಾಡಿದ್ರೆ ನಾನು ಬಿಡ್ತಿದ್ನಾ? ಮಾಡಿಲ್ವಲ್ಲ. ತಗೋ."

ಒಳಬಾಗಿಲ ಬಳಿ ರಾಮಮ್ಮ ಕೋಲು ಊರಿ ನಿಂತಿದ್ದರು. ಯೋಗಾನಂದ ಆ ಕಡೆ ನೋಡಿದ. ಅವರು ತಗೋ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವನು ಕೈ ಮುಂದೆ ಮಾಡಿದ. ಬೆವರಿನಲ್ಲಿ ನೋಟುಗಳು ಅಂಗೈಗೆ ಅಂಟಿದವು. ತನ್ನ ಜೀವನದಲ್ಲಿ ಪಡೆದ ಯಾವ ಕೂಲಿಯೂ ಅಷ್ಟು ಭಾರವಾಗಿರಲಿಲ್ಲ ಎಂದು ಆಮೇಲೆ ಹೇಮಶ್ರೀಗೆ ಹೇಳಿದ. ಅದನ್ನು ಅವನು ಖರ್ಚು ಮಾಡಲೂ ಆಗದೆ, ಕೊನೆಗೆ ಆಸ್ಪತ್ರೆಗೆಂದು ಚಂದ್ರಿಕಾಳ ಕೈಗೆ ಸೇರಿಸಿದ. ಅತ್ತೆಯನ್ನು ಕೇಳಿಯೇ ಅವಳು ಇಸಿದುಕೊಂಡಳು.

ಮರುವರ್ಷ ಏಪ್ರಿಲಿನಲ್ಲಿ ಎರಡನೇ ಅಲೆ ಬಂದು ಮತ್ತೆ ಎಲ್ಲ ಮುಚ್ಚಿತು. ಆ ಸಲ ಅವನ ಕೈಯಲ್ಲಿದ್ದದ್ದು ಒಂದು ಶಾಲೆಯ ಕಾಂಪೌಂಡಿನ ಗೇಟು. ಶಾಲೆಯೇ ತೆರೆಯುವ ಸೂಚನೆ ಇರಲಿಲ್ಲ. "ಬಿಡು ಯೋಗ, ಲಾಕ್‌ಡೌನ್ ಅಂತ ನಾವೇ ಬರ್ಕೊತೀವಿ" ಎಂದರು ಶಾಲೆಯವರು. ಅವನು ಓಡಾಡಲು ಪಾಸ್ ಮಾಡಿಸಿಕೊಂಡು, ಖಾಲಿ ಮೈದಾನದ ಮುಂದೆ ಗೇಟು ನಿಲ್ಲಿಸಿ ಬಂದ. ಯಾರೂ ಅದನ್ನು ನೋಡಲಿಲ್ಲ. ಅದರಿಂದ ಅವನಿಗೆ ಹಗುರವೂ ಆಗಲಿಲ್ಲ.

ರಾಮಮ್ಮ ಮಾತ್ರ ಆ ಹೊಸ ಸಂಕದ ಮೇಲೆ ಬಹಳ ಕಾಲ ಕಾಲಿಡಲಿಲ್ಲ. ಆಸ್ಪತ್ರೆಗೆ ಹೋಗಬೇಕಾದಾಗ ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸುತ್ತಿದ್ದರು. ಕೊರೋನಾದ ಮಾತೇ ಜನ ಮರೆತ ಮೇಲೆ, ಒಂದು ಮೇ ತಿಂಗಳಲ್ಲಿ ಯೋಗಾನಂದ ಎಂದಿನಂತೆ ಮಳೆಗೆ ಮುಂಚೆ ಸಂಕಕ್ಕೆ ಪೇಂಟ್ ಹೊಡೆಯಲು ಹೋಗಿದ್ದಾಗ, ಆಕೆ ಚಂದ್ರಿಕಾಳ ಕೈ ಹಿಡಿದು ದಡಕ್ಕೆ ಬಂದರು. ಪಕ್ಕದಲ್ಲಿ ಸೊಪ್ಪಿನ ಬುಟ್ಟಿ. ಯೋಗಾನಂದ ಬ್ರಷ್ ಬಿಟ್ಟು ನೀರಿಗಿಳಿದು ಸಂಕದ ಕೆಳಗೆ ನಿಂತ, ಬಿದ್ದರೆ ಹಿಡಿಯುವವನಂತೆ. ಅವರು ಹಿಡಿಗಂಬಿಗೆ ಕೈ ಚಾಚಿದರು. ಸೊಂಟ ಬಗ್ಗಿ ಹೋಗಿದ್ದರಿಂದ ಹಿಡಿಗಂಬಿ ಅವರ ಹೆಗಲ ಮಟ್ಟಕ್ಕೆ ಬರುತ್ತಿತ್ತು. ನಾಲ್ಕು ಹೆಜ್ಜೆ ಇಟ್ಟು ನಿಂತುಬಿಟ್ಟರು.

"ಯೋಗ, ಎತ್ತರ ಆಯ್ತು ಕಣೋ ಇದು" ಎಂದರು ಮೇಲಿನಿಂದ. "ಹಿಡಿಯೋಕೇ ಆಗಲ್ಲ."

ಬಿದ್ದ ದಿನದಿಂದ ಅಲ್ಲಿಯವರೆಗೆ ಅವರು ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಹಿಡಿಗಂಬಿಯ ಅಳತೆ ಮಾಡಿದಾಗ ಅವನ ಕಣ್ಣ ಮುಂದಿದ್ದದ್ದು ಚೀಲ ಹೊತ್ತು ನೆಟ್ಟಗೆ ನಡೆಯುವ ರಾಮಮ್ಮ. ಮುರಿದ ಮೇಲಿನ ಎತ್ತರ ಅವನ ಲೆಕ್ಕಕ್ಕೆ ಬಂದೇ ಇರಲಿಲ್ಲ.

ಮಾರನೆಯ ದಿನ ಬೆಳಿಗ್ಗೆಯೇ ಬಾಲುವನ್ನು ಕರೆದುಕೊಂಡು, ಜನರೇಟರ್ ಹೊತ್ತು ತಂದು, ಮೇಲಿನ ಪೈಪಿನ ಕೆಳಗೆ ಇಡೀ ಸಂಕದ ಉದ್ದಕ್ಕೂ ಇನ್ನೊಂದು ಪೈಪನ್ನು ಬೆಸೆದ. ಎಲ್ಲಿ ಬೇಕೆಂದು ರಾಮಮ್ಮ ಆಚೆ ತುದಿಯಲ್ಲಿ ಕೂತು ಕೈ ತೋರಿಸಿ ಹೇಳುತ್ತಿದ್ದರು: ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ, ಹ್ಞಾಂ. ವೀರಯ್ಯ ಅವರಿಬ್ಬರನ್ನೂ ನೋಡುತ್ತಾ, ಇಷ್ಟು ಚೊಕ್ಕ ಕೆಲಸದವನನ್ನು ತಾವೇ ಹುಡುಕಿ ತಂದದ್ದೆಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಯೋಗಾನಂದ ಶೀಲ್ಡ್ ಮುಖದಿಂದ ಇಳಿಸಲೇ ಇಲ್ಲ. ಪೈಪಿನ ಕಾವು ಆರಿದ ಮೇಲೆ ಬಟ್ಟೆಯಿಂದ ಒರೆಸಿ, ಸೀಮಿನ ಮೇಲೆ ಅಂಗೈ ಆಡಿಸಿ ಎಲ್ಲೂ ಚೂಪಿಲ್ಲವೆಂದು ನೋಡಿಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ರಾಮಮ್ಮ ಆ ಪೈಪು ಹಿಡಿದು, ಯಾರ ಕೈಯನ್ನೂ ಹಿಡಿಯದೆ, ನಿಧಾನವಾಗಿ ಹಳ್ಳ ದಾಟಿ ಬಸ್ಸಿನ ದಾರಿ ಹಿಡಿದರು. ಚಂದ್ರಿಕಾ ಬುಟ್ಟಿ ಹೊತ್ತು ಹಿಂದೆ ಹೋದಳು. ಹೋಗುವಾಗ ರಾಮಮ್ಮ ತಿರುಗಿ ನೋಡಲಿಲ್ಲ. ಅವನೂ ಅದನ್ನು ಬಯಸಿರಲಿಲ್ಲ.